ಪಾಳಿ ಬದಲಾದ ಹೊತ್ತಿನಲ್ಲಿ ತಪ್ಪಿದ ಕಾವಲು

ಪ್ರಶ್ನೆ: 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಚೆಸ್ಟರ್ ಬಳಿ ಆಮ್‌ಟ್ರ್ಯಾಕ್ (ಅಮೆರಿಕದ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ) ರೈಲು ಅಪಘಾತದಲ್ಲಿ ಇಬ್ಬರು ಹಳಿ ಕಾರ್ಮಿಕರು ಸತ್ತರೆಂದು ಓದಿದೆ. ಕೆಲಸ ನಡೆಯುತ್ತಿದ್ದ ಹಳಿಗೆ ರೈಲನ್ನು ಬಿಟ್ಟವರು ಯಾರು? ಆಮೇಲೆ ಕಾರ್ಮಿಕರ ಸುರಕ್ಷತೆಯಲ್ಲಿ ಏನಾದರೂ ಬದಲಾಯಿತೇ?

ಉತ್ತರ: ಒಬ್ಬರತ್ತ ಬೆರಳು ತೋರಿಸಿ ಮುಗಿಸುವಂಥ ಪ್ರಕರಣ ಇದಲ್ಲ. ಏಪ್ರಿಲ್ 3ರ ಭಾನುವಾರ ಬೆಳಿಗ್ಗೆ ಅಲ್ಲಿ ಎರಡನೆಯ ಹಳಿಯ ಜಲ್ಲಿಯನ್ನು ಶುಚಿಗೊಳಿಸುತ್ತಿದ್ದರು. ಅದಕ್ಕೆ ಬಳಸುತ್ತಿದ್ದ ಬ್ಯಾಕ್‌ಹೋ ಎಂಬ ಅಗೆಯುವ ಯಂತ್ರ ಪಕ್ಕದ ಮೂರನೆಯ ಹಳಿಯ ಮೇಲಿತ್ತು. ಆ ಹಳಿಗೆ ರೈಲು ಬಿಡದಂತೆ ಸಂಚಾರ ನಿಯಂತ್ರಕರಿಂದ ಪಡೆದಿದ್ದ ಅವಧಿಯನ್ನು ರಾತ್ರಿ ಪಾಳಿಯ ಮೇಸ್ತ್ರಿ ಕೆಲಸ ಬಿಡುವ ಮುನ್ನ ಹಿಂದಿರುಗಿಸಿದರು. ಹಗಲು ಪಾಳಿಯ ಮೇಸ್ತ್ರಿ ಅದನ್ನು ಹೊಸದಾಗಿ ಪಡೆದಿರಲಿಲ್ಲ. ಪಾಳಿಯ ಆರಂಭದಲ್ಲಿ ಎಲ್ಲರನ್ನೂ ಸೇರಿಸಿ ಹೇಳಲೇಬೇಕಾದ ಸುರಕ್ಷತಾ ವಿವರಣೆಯೂ ನಡೆಯಲಿಲ್ಲ. ನಿಯಂತ್ರಕರ ಪಾಲಿಗೆ ಹಳಿ ಖಾಲಿಯಾಗಿತ್ತು. ನ್ಯೂಯಾರ್ಕಿನಿಂದ ಸವಾನಾಕ್ಕೆ ಹೊರಟಿದ್ದ ರೈಲಿನ ಚಾಲಕರು ಯಂತ್ರವನ್ನು ಕಂಡು ಬ್ರೇಕ್ ಹಾಕಿದರೂ, ಗಂಟೆಗೆ ಸುಮಾರು 160 ಕಿ.ಮೀ. ವೇಗದಲ್ಲೇ ರೈಲು ಅದಕ್ಕೆ ಬಡಿಯಿತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಲೋಪ. ಪ್ರತಿ ಹಳಿಯ ಎರಡು ಕಂಬಿಗಳಲ್ಲೂ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತಿರುತ್ತದೆ; ರೈಲಿನ ಗಾಲಿ ಮತ್ತು ಅಚ್ಚು ಎರಡನ್ನೂ ಬೆಸೆದಾಗ ಸಿಗ್ನಲ್ ಕೆಂಪಾಗುತ್ತದೆ. ಬ್ಯಾಕ್‌ಹೋದಂಥ ಯಂತ್ರದಿಂದ ಈ ಸಂಪರ್ಕ ಏರ್ಪಡುತ್ತದೆಂದು ನಂಬುವಂತಿಲ್ಲ. ಅದಕ್ಕಾಗಿಯೇ ಒಂದು ಕಂಬಿಯಿಂದ ಇನ್ನೊಂದಕ್ಕೆ ಅಡ್ಡಲಾಗಿ ಬಿಗಿಯುವ ಶಂಟ್ ಎಂಬ ಸಾಧನವಿದೆ. ಅದನ್ನು ಹಾಕಿದ್ದರೆ, ನಿಯಂತ್ರಕರಿಂದ ಮಾತಿನ ಮೂಲಕ ಪಡೆದ ರಕ್ಷಣೆ ತಪ್ಪಿಹೋಗಿದ್ದರೂ ಸಿಗ್ನಲ್ ಕೆಂಪಾಗಿಯೇ ಇರುತ್ತಿತ್ತು. ಆಮ್‌ಟ್ರ್ಯಾಕ್‌ನ ನಿಯಮದಲ್ಲೇ ಶಂಟ್ ಬಳಕೆಯ ಕಟ್ಟಳೆಯಿತ್ತು, ಆದರೆ ಅಂದು ಅದನ್ನು ಹಾಕಿರಲಿಲ್ಲ.

ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಅಲ್ಲಿ ಎರಡು ಡಜನ್‌ಗೂ ಹೆಚ್ಚು ಅಸುರಕ್ಷಿತ ಪರಿಸ್ಥಿತಿಗಳನ್ನು ಗುರುತಿಸಿತು. ಮೇಸ್ತ್ರಿಗಳ ಲೋಪದಷ್ಟಕ್ಕೇ ನಿಲ್ಲದೆ, ಸುರಕ್ಷತೆಯ ಬಗ್ಗೆ ಸಂಸ್ಥೆಯ ಉದ್ದಗಲಕ್ಕೂ ಒಮ್ಮತವಿರಲಿಲ್ಲವೆಂದು 2017ರಲ್ಲಿ ಸ್ಪಷ್ಟವಾಗಿ ಹೇಳಿತು. ಇದು ನ್ಯಾಯವಾದ ಮಾತು, ಏಕೆಂದರೆ ಹಳಿ ಕಾರ್ಮಿಕರ ರಕ್ಷಣೆಗೆಂದು ಅಮೆರಿಕದಲ್ಲಿ ಪ್ರತ್ಯೇಕ ನಿಯಮ 1997ರಿಂದಲೇ ಜಾರಿಯಲ್ಲಿತ್ತು. ಕೆಲಸಕ್ಕೆ ಮುನ್ನ ವಿವರಣೆ ಕೊಡುವುದು ಕಡ್ಡಾಯವೆಂದೂ, ರಕ್ಷಣೆ ಸಾಲದೆಂದು ಪ್ರಾಮಾಣಿಕವಾಗಿ ಅನ್ನಿಸಿದರೆ ಹಳಿಗೆ ಇಳಿಯಲು ನಿರಾಕರಿಸುವ ಹಕ್ಕು ಕಾರ್ಮಿಕನಿಗೆ ಇದೆಯೆಂದೂ ಅದು ಹೇಳುತ್ತದೆ.

ಅಪಘಾತವಾದ ಎರಡೇ ತಿಂಗಳಲ್ಲಿ, 2016ರ ಜೂನ್‌ನಲ್ಲಿ, ರೈಲು ಸುರಕ್ಷತೆಯ ಮೇಲ್ವಿಚಾರಣೆ ನಡೆಸುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ರೈಲ್‌ರೋಡ್ ಆಡಳಿತವು ಈ ನಿಯಮದ ತಿದ್ದುಪಡಿಯನ್ನು ಪ್ರಕಟಿಸಿತು. ಅದರ ಕರಡು 2012ರಲ್ಲೇ ಹೊರಬಂದಿದ್ದರಿಂದ, ಚೆಸ್ಟರ್ ದುರಂತವೇ ಅದಕ್ಕೆ ಕಾರಣವೆನ್ನಲಾಗದು. ಆದರೂ ನಿಮ್ಮ ಪ್ರಶ್ನೆಗೆ ತೀರ ಹತ್ತಿರವಾದ ಅಂಶ ಅದರಲ್ಲಿದೆ: ನಿಯಂತ್ರಕರ ಸಿಗ್ನಲ್ ರಕ್ಷಣೆಯನ್ನು ನೆಚ್ಚಿ ಕೆಲಸ ಮಾಡುವ ತಂಡಗಳಿಗೆ ಅದರ ಜೊತೆಗೆ ಇನ್ನೊಂದು ರಕ್ಷಣೆಯನ್ನೂ ರೈಲ್ವೆಗಳು ಒದಗಿಸಬೇಕು. ಅದು ಯಾವುದೆಂಬ ಆಯ್ಕೆಯನ್ನು ಮಾತ್ರ ರೈಲ್ವೆಗಳಿಗೇ ಬಿಡಲಾಗಿದೆ. ಸಿಗ್ನಲ್ ವ್ಯವಸ್ಥೆಯಿರುವ ಕಡೆಯಲ್ಲೆಲ್ಲ ಶಂಟನ್ನೇ ಕಡ್ಡಾಯ ಮಾಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.