ದಾಸವಾಳದ ಬಿಳಿ ಹಿಟ್ಟು: ಮೊದಲು ಇರುವೆ ನೋಡಿ

ಚಿಕ್ಕಬಳ್ಳಾಪುರದ ನಿಮ್ಮ ತಾರಸಿಯ ದಾಸವಾಳಕ್ಕೆ ಬಿಳಿ ಹತ್ತಿ ಥರ ಅಂಟಿಕೊಂಡು ಮೊಗ್ಗು ಉದುರುತ್ತಿದೆ, ಯಾವ ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ಅದು ಹಿಟ್ಟು ತಿಗಣೆ, ಗಿಡದ ರಸ ಹೀರುವ ಸಣ್ಣ ಕೀಟ. ಕೋಲಾರದ ನಮ್ಮ ಮನೆಯಲ್ಲೂ ಬೇಸಿಗೆಯಲ್ಲಿ ಇದರ ಕಾಟ ಜಾಸ್ತಿ.

ಔಷಧಿಗೆ ಮೊದಲು ಕಾಂಡ ನೋಡಿ. ಇರುವೆ ಸಾಲಾಗಿ ಹತ್ತುತ್ತಿವೆ ಅಲ್ವಾ? ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ತಿಗಣೆಯನ್ನು ಕಾಪಾಡುತ್ತವೆ. ಇರುವೆ ತಡೆಯದೆ ಸುಮ್ನೆ ಔಷಧಿ ಹೊಡೆದರೆ ತಿಗಣೆ ಮತ್ತೆ ಬರುತ್ತದೆ. ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲಿಡಿ. ಕೊಂಬೆ ಗೋಡೆಗೆ ತಾಗಬಾರದು.

ಮುದುರಿದ ಚಿಗುರು ಕತ್ತರಿಸಿ ಕವರಿನಲ್ಲಿ ಕಟ್ಟಿ ಎಸೆಯಿರಿ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಸಂಜೆ 1 ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕೈದು ಹನಿ ಸೋಪಿನ ದ್ರಾವಣ ಹಾಕಿ ಚೆನ್ನಾಗಿ ಕಲಕಿ, ಎಲೆಯ ಅಡಿಗೆ, ಗೆಣ್ಣಿನ ಸಂದಿಗೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ.

ಅಂದಹಾಗೆ, ಬಿಳಿ ಕುಚ್ಚಿನಂಥ ಹುಳು ಚುರುಕಾಗಿ ಓಡಾಡುತ್ತಿದ್ದರೆ ದಯವಿಟ್ಟು ಕೊಲ್ಲಬೇಡಿ. ಅದು ಗುಲಗಂಜಿ ಹುಳುವಿನ (ಲೇಡಿಬಗ್) ಮರಿ ಇರಬಹುದು, ತಿಗಣೆಯನ್ನೇ ತಿನ್ನುತ್ತದೆ. ಅದು ಕಂಡ ಕೊಂಬೆಗೆ ಎಣ್ಣೆ ಹೊಡೆಯಬೇಡಿ. ಯೂರಿಯಾ ಹಾಕುತ್ತಿದ್ದರೆ ಸದ್ಯ ನಿಲ್ಲಿಸಿ, ಅದರಿಂದ ಬರುವ ಎಳೆ ಚಿಗುರಿಗೆ ತಿಗಣೆ ಹೆಚ್ಚು ಮುತ್ತುತ್ತದೆ.