ಹಳ್ಳಿಕಾರ್ ಕರು ಬರೀ ರಾಗಿ ಹುಲ್ಲಲ್ಲಿ ಬೆಳೆಯುತ್ತಾ?

ತಡೆದುಕೊಳ್ಳುತ್ತದೆ, ಆದರೆ ಮೈ ತುಂಬುವುದಿಲ್ಲ. ನಾರನ್ನು ಕರಗಿಸುವುದು ದನವಲ್ಲ, ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು. ಅವು ಹುಲ್ಲು ಹುಳಿಸಿ ಬಿಡುವ ಅಸಿಟಿಕ್, ಪ್ರೊಪಿಯೋನಿಕ್ ಆಮ್ಲಗಳಿಂದಲೇ ದನಕ್ಕೆ ಹೆಚ್ಚಿನ ಶಕ್ತಿ. ಮೇವಿನಲ್ಲಿ ಪ್ರೋಟೀನ್ ಶೇ 7ಕ್ಕಿಂತ ಇಳಿದರೆ ಆ ಜೀವಿಗಳೇ ಸೊರಗುತ್ತವೆ. ರಾಗಿ ಹುಲ್ಲಿನಲ್ಲಿರುವುದು ಶೇ 3–4 ಅಷ್ಟೆ. ನಾಟಿ ದನ ತನ್ನ ಮೈಯಲ್ಲೇ ಹುಟ್ಟುವ, ಆ ಜೀವಿಗಳು ಪ್ರೋಟೀನ್ ಮಾಡಿಕೊಳ್ಳಬಲ್ಲ ಯೂರಿಯಾವನ್ನು ಮೂತ್ರದಲ್ಲಿ ಪೂರಾ ಕಳೆಯದೆ ಜೊಲ್ಲಿನ ಮೂಲಕ ಹೊಟ್ಟೆಗೆ ಮರಳಿಸಿ ಒಂದಿಷ್ಟು ಸರಿದೂಗಿಸಿಕೊಳ್ಳುತ್ತದೆ.

6 ತಿಂಗಳು ದಾಟಿದ ಕರುವಿಗೆ ದಿನಕ್ಕೆ ಅರ್ಧ ಕೆಜಿ ಕಡಲೆಕಾಯಿ ಹಿಂಡಿ ಕೊಡಿ. 100 ಗ್ರಾಂನಿಂದ ಶುರುಮಾಡಿ, ಎರಡು ವಾರದಲ್ಲಿ ಏರಿಸಿ. ಹಬ್ಬದಲ್ಲಿ ಉಳಿದ ಅನ್ನವನ್ನು ಮಾತ್ರ ಬಕೆಟ್‌ಗಟ್ಟಲೆ ಸುರಿಯಬೇಡಿ (ಎಷ್ಟೋ ಮನೆಗಳಲ್ಲಿ ಆಗುವುದೇ ಇದು). ಅದರಿಂದ ಹೊಟ್ಟೆಯಲ್ಲಿ ಹುಳಿ ಏರಿ, ಪಿಎಚ್ (ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಇಳಿಯುತ್ತದೆ) 5.5ಕ್ಕಿಂತ ಕುಸಿದು ನಾರಿನ ಜೀವಿಗಳು ಸಾಯುತ್ತವೆ. ಮೆಲುಕು ನಿಂತು ಹುಳಿವಾಸನೆಯ ನೀರು ಸಗಣಿ ಕಂಡರೆ ತಕ್ಷಣ ಪಶುವೈದ್ಯರನ್ನು ಕರೆಸಿ.