ತೋಟ ತೇಲುತ್ತಿರಲಿಲ್ಲ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರು ಬರೆಯುತ್ತಾರೆ: “ಮೆಕ್ಸಿಕೊದ ಅಜ್ಟೆಕ್ ಜನ ಸರೋವರದಲ್ಲಿ ತೇಲುವ ತೋಟ ಮಾಡಿ ಮೆಕ್ಕೆಜೋಳ ಬೆಳೆಯುತ್ತಿದ್ದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಷ್ಟು ಮಣ್ಣು ಹೊತ್ತುಕೊಂಡು ತೋಟ ತೇಲುವುದು ಹೇಗೆ? ನಾನು ದಾಲ್ ಸರೋವರದಲ್ಲಿ ನೋಡಿದಂಥದ್ದೇ ಇದು? ಒಂದು ವರ್ಷ ಬಸಿಗಾಲುವೆ ತೋಡದಿದ್ದರೆ ನಮ್ಮ ಅಡಿಕೆ ಮರದ ಬೇರು ಕೊಳೆಯುತ್ತದೆ. ನೀರಿನ ನಡುವೆ ಅವರ ಜೋಳ ಹೇಗೆ ಬದುಕಿತು? ನನ್ನ ಜೌಗು ಗದ್ದೆಯಲ್ಲಿ ಇದನ್ನು ಮಾಡಿ ನೋಡಬಹುದೇ?”

ಸಂಪಾದಕರ ಉತ್ತರ:

ಮಾನ್ಯರೇ, ತಪ್ಪು ನಮ್ಮದು. ತೋಟ ತೇಲುತ್ತಿರಲಿಲ್ಲ. ದಾಲ್ ಸರೋವರದಲ್ಲಿ ಜೊಂಡಿನ ಚಾಪೆಯ ಮೇಲೆ ಮಾಡುವ ತೋಟ ನಿಜಕ್ಕೂ ತೇಲುತ್ತದೆ. ರಾತ್ರೋರಾತ್ರಿ ಅದನ್ನು ಎಳೆದುಕೊಂಡು ಹೋಗುವ ಕಳ್ಳರ ಕಥೆಗಳೂ ಅಲ್ಲಿವೆ. ಮೆಕ್ಸಿಕೊದ ಈ ತೋಟವನ್ನು, ಅಂದರೆ ಚಿನಾಂಪವನ್ನು, ಕದಿಯಬೇಕಾದರೆ ಸರೋವರದ ತಳವನ್ನೇ ಕಿತ್ತೊಯ್ಯಬೇಕು.

‘ತೇಲುವ’ ಎಂಬ ಮಾತು ಹುಟ್ಟಿದ್ದು ಎಲ್ಲಿಂದ ಎನ್ನುವುದೂ ಸ್ವಾರಸ್ಯವಾಗಿದೆ. ಅಜ್ಟೆಕರ ರಾಜಧಾನಿ ಟೆನೊಚ್‌ಟಿಟ್ಲಾನ್ ಇನ್ನೂ ಬಡ ಊರಾಗಿದ್ದಾಗ ಅದರ ಮೇಲೆ ಯಜಮಾನಿಕೆ ನಡೆಸುತ್ತಿದ್ದ ಅಸ್ಕಪೊತ್ಸಾಲ್ಕೊದ ದೊರೆ ಒಂದು ವಿಚಿತ್ರ ಕಪ್ಪ ಕೇಳಿದನಂತೆ: ಮೆಕ್ಕೆಜೋಳ, ಮೆಣಸಿನಕಾಯಿ, ಅವರೆಜಾತಿಯ ಕಾಳು ಎಲ್ಲ ಬೆಳೆದು ನಿಂತ ಒಂದು ತೋಟ ನೀರಿನ ಮೇಲೆ ತೇಲಿಕೊಂಡು ತನ್ನ ಬಾಗಿಲಿಗೆ ಬರಬೇಕು. ಬಂದೂ ಬಿಟ್ಟಿತು. ಮರುವರ್ಷ, ಆ ತೋಟದಲ್ಲಿ ಒಂದು ಬಾತುಕೋಳಿ, ಒಂದು ಬೆಳ್ಳಕ್ಕಿ ಕಾವು ಕೂತಿರಬೇಕು, ತನ್ನೆದುರಿಗೆ ಬಂದ ಗಳಿಗೆಯಲ್ಲೇ ಮೊಟ್ಟೆಯೊಡೆದು ಮರಿಯಾಗಬೇಕು ಎಂದನಂತೆ. ಅದೂ ನಡೆಯಿತು ಎನ್ನುತ್ತದೆ ಕಥೆ. ಇದನ್ನು ಹೊಸೆ ದೆ ಅಕೋಸ್ತಾ ಎಂಬ ಸ್ಪೇನಿನ ಪಾದ್ರಿ 1590ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದ. ನಾವೂ ಅದೇ ಸಾಲಿನಲ್ಲಿ ಬಂದು ಕೂತೆವು. ನನಗೆ ಈ ಕಥೆ ಇಷ್ಟ. ಆದರೆ ತೇಲಿಸಿಬಿಟ್ಟರೆ ಪವಾಡದ ಪಾಲೇ ಹೆಚ್ಚಾಗಿ, ಕೆಸರು ಹೊತ್ತ ಕೈಗಳು ಮರೆಯಾಗುತ್ತವೆ.

ಮೊದಲು ಜಾಗವನ್ನು ಕಣ್ಣಿಗೆ ತಂದುಕೊಳ್ಳಿ. ಮೆಕ್ಸಿಕೊ ಕಣಿವೆ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ. ಸುತ್ತಲೂ ಬೆಟ್ಟ, ನೀರು ಹೊರಹೋಗಲು ದಾರಿಯಿಲ್ಲ. ಹಾಗಾಗಿ ತಗ್ಗಿನಲ್ಲಿದ್ದ ಟೆಸ್ಕೊಕೊ ಸರೋವರ ಉಪ್ಪಾಯಿತು. ದಕ್ಷಿಣದ ಶೊಚಿಮಿಲ್ಕೊ, ಚಾಲ್ಕೊ ಸರೋವರಗಳು ಸ್ವಲ್ಪ ಎತ್ತರದಲ್ಲಿದ್ದವು. ಅವಕ್ಕೆ ಒರತೆಯ ನೀರಿನ ಆಸರೆಯಿತ್ತು, ನೀರು ಸಿಹಿಯಾಗಿತ್ತು, ಆಳವೂ ಕಡಿಮೆ. ತೋಟಗಳ ದೊಡ್ಡ ಹರವು ಇದ್ದದ್ದು ಇಲ್ಲೇ. ಪುರಾತತ್ವಜ್ಞ ಪೇದ್ರೊ ಆರ್ಮಿಯಾಸ್ ಅದನ್ನು ಸುಮಾರು 12,000 ಹೆಕ್ಟೇರ್ ಎಂದು ಅಂದಾಜು ಮಾಡಿದರು. ಅಜ್ಟೆಕರು ಈ ವಿದ್ಯೆಯನ್ನು ಕಂಡುಹಿಡಿದವರಲ್ಲ. ಅವರು ಕಣಿವೆಗೆ ಬರುವ ಮೊದಲೇ ಅಲ್ಲಿನ ಜನ ಚಿನಾಂಪ ಕಟ್ಟುತ್ತಿದ್ದರು. ಇವರು ಅದನ್ನು ರಾಜಧಾನಿಯ ಹೊಟ್ಟೆ ತುಂಬುವಷ್ಟು ಹಿಗ್ಗಿಸಿದರು.

‘ಚಿನಾಮಿತ್ಲ್’ ಎಂದರೆ ಅವರ ನಾವಾತ್ಲ್ ಭಾಷೆಯಲ್ಲಿ ಜೊಂಡಿನ ಬೇಲಿ. ಆಳವಿಲ್ಲದ ನೀರಿನಲ್ಲಿ ಗೂಟ ಹೊಡೆದು, ನಡುವೆ ಜೊಂಡು, ಕಡ್ಡಿ ಹೆಣೆದು, ಒಳಗೆ ಒಂದು ಪದರ ನೀರುಗಿಡ, ಒಂದು ಪದರ ತಳದ ಕೆಸರು ಎಂದು ತುಂಬುತ್ತ ಹೋದರೆ, ನೀರಿನಿಂದ ಒಂದೆರಡು ಮೊಳ ಮೇಲಕ್ಕೆ ಏಳುವ ಉದ್ದನೆಯ ಕಿರಿದಾದ ಪಟ್ಟಿ ಸಿದ್ಧ. ಅಂಚಿಗೆ ಅಹುಎಹೊತೆ ಎಂಬ ನೀರಂಜಿ ಜಾತಿಯ ಮರದ ಕೊಂಬೆ ನೆಡುತ್ತಿದ್ದರು. ಅದು ಅಗಲಕ್ಕೆ ಹರಡದೆ ಕಂಬದಂತೆ ನೆಟ್ಟಗೆ ಬೆಳೆಯುತ್ತದೆ. ಬೇರು ದಂಡೆಯನ್ನು ಹಿಡಿದುಕೊಳ್ಳುತ್ತದೆ, ಬೆಳೆಗೆ ಬಿಸಿಲು ತಪ್ಪುವುದಿಲ್ಲ.

ಬೇರು ಕೊಳೆಯದಿರುವ ಗುಟ್ಟು ನಿಮಗೆ ಹೇಳಿಕೊಡಬೇಕಾದ್ದಲ್ಲ. ಪಟ್ಟಿಯ ಎರಡೂ ಬದಿಯ ಕಾಲುವೆ ನಿಮ್ಮ ಬಸಿಗಾಲುವೆಯ ಕೆಲಸವನ್ನೇ ಮಾಡುತ್ತದೆ: ಹೆಚ್ಚಾದ ನೀರು ಬಸಿದು ಹೋಗುತ್ತದೆ. ಆದರೆ ಅಲ್ಲಿನ ಕಾಲುವೆ ಮಳೆಯಿಲ್ಲದ ತಿಂಗಳುಗಳಲ್ಲೂ ಬತ್ತುವುದಿಲ್ಲ. ಪಟ್ಟಿ ಕಿರಿದಾದ್ದರಿಂದ ಎರಡೂ ಕಡೆಯಿಂದ ತೇವ ಒಳಗೆ ಜಿನುಗಿ ಬೇರಿಗೆ ಮುಟ್ಟುತ್ತದೆ. ರಾತ್ರಿ ಆ ನೀರೇ ಹಗಲಿನ ಬಿಸಿಯನ್ನು ಬಿಡುತ್ತ ಹಿಮದ ಏಟನ್ನು ತಗ್ಗಿಸುತ್ತದೆ. ಕಾಲುವೆಯೇ ರಸ್ತೆಯೂ ಹೌದು. ಎತ್ತು, ಕುದುರೆ, ಗಾಡಿ ಒಂದೂ ಇಲ್ಲದ ನಾಡಿನಲ್ಲಿ ದೋಣಿಯೊಂದು ಎಷ್ಟೋ ಹೊರೆಯಾಳುಗಳ ಕೆಲಸ ಮಾಡುತ್ತಿತ್ತು.

ಇಷ್ಟಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಸಸಿಮಡಿ. ಉದ್ದನೆಯ ಗಳುವಿನ ತುದಿಗೆ ಚೀಲ ಕಟ್ಟಿ, ದೋಣಿಯಲ್ಲಿ ನಿಂತು ತಳದ ಕೆಸರನ್ನು ಬಾಚಿ ತುಂಬಿಕೊಳ್ಳುತ್ತಾರೆ. ತೋಟದ ಅಂಚಿನಲ್ಲಿ ಅದನ್ನು ದೋಸೆ ಹಿಟ್ಟಿನಂತೆ ಸಮನಾಗಿ ಹರಡುತ್ತಾರೆ. ನೀರು ಆರಿ ಹದಕ್ಕೆ ಬಂದಾಗ ಚಾಕುವಿನಿಂದ ಚೌಕಚೌಕವಾಗಿ ಕೊಯ್ಯುತ್ತಾರೆ, ಥೇಟ್ ತಟ್ಟೆಯಲ್ಲಿ ಬರ್ಫಿ ಕೊಯ್ದಂತೆ. ಪ್ರತಿ ಚೌಕಕ್ಕೂ ಬೆರಳಿನಿಂದ ಒಂದು ಕುಳಿ, ಕುಳಿಗೆ ಬೀಜ, ಮೇಲೆ ಗೊಬ್ಬರದ ಪುಡಿ. ಸಸಿ ಎದ್ದ ಮೇಲೆ ಚೌಕದ ಸಮೇತ ಎತ್ತಿ ನೆಡುವುದರಿಂದ ಬೇರಿಗೆ ನೋವಾಗುವುದಿಲ್ಲ. ಈ ಚೌಕಕ್ಕೆ ಇಂದಿಗೂ ಚಪಿನ್ ಎನ್ನುತ್ತಾರೆ. ಮುಖ್ಯ ಪಟ್ಟಿಯಲ್ಲಿ ಹಿಂದಿನ ಬೆಳೆ ಇರುವಾಗಲೇ ಮುಂದಿನದು ಅಂಚಿನಲ್ಲಿ ಮೊಳೆತಿರುತ್ತದೆ. ಹೀಗಾಗಿ ನೆಲ ಖಾಲಿ ಬೀಳುವುದೇ ಇಲ್ಲ, ವರ್ಷಕ್ಕೆ ಹಲವು ಬೆಳೆ. ಬಾಚಿದ ಕೆಸರು ಗೊಬ್ಬರವೂ ಆಯಿತು, ಕಾಲುವೆಯ ಹೂಳೆತ್ತಿದಂತೆಯೂ ಆಯಿತು.

ಇಷ್ಟೆಲ್ಲ ನಿಂತಿದ್ದದ್ದು ನೀರಿನ ಮಟ್ಟದ ಮೇಲೆ. ಮಳೆಗಾಲದಲ್ಲಿ ಟೆಸ್ಕೊಕೊ ಉಕ್ಕಿದರೆ ಉಪ್ಪುನೀರು ಸಿಹಿನೀರಿನೊಳಕ್ಕೆ ನುಗ್ಗುತ್ತಿತ್ತು. 1449ರ ಪ್ರವಾಹದ ಬಳಿಕ ಅದೇ ಹೆಸರಿನ ಟೆಸ್ಕೊಕೊ ಪಟ್ಟಣದ ಅರಸ ನೆಸಹುಅಲ್ಕೊಯೊತ್ಲ್‌ನ ಮುಂದಾಳುತನದಲ್ಲಿ ಸುಮಾರು 16 ಕಿಲೋಮೀಟರ್ ಉದ್ದದ ಕಟ್ಟೆ ಎದ್ದು ಎರಡು ನೀರನ್ನೂ ಬೇರ್ಪಡಿಸಿತು. ಅವನು ಕವಿಯೂ ಹೌದು ಎನ್ನುತ್ತಾರೆ. ನನ್ನ ಮಟ್ಟಿಗೆ ಆ ಕಟ್ಟೆಯೊಂದೇ ಸಾಕು. ಮುಂದೆ ಅಹುಇತ್ಸೊತ್ಲ್ ಎಂಬ ಅಜ್ಟೆಕ್ ದೊರೆ ಕೊಯೊಅಕಾನ್‌ನ ಒರತೆಗಳನ್ನು ರಾಜಧಾನಿಗೆ ತಿರುಗಿಸಿದ. ಬೇಡ, ಆ ನೀರು ಕೈಮೀರುತ್ತದೆ ಎಂದ ಅಲ್ಲಿನ ಒಡೆಯನನ್ನು ಕೊಲ್ಲಿಸಿದ. ನೀರು ಕೈಮೀರಿ ನಗರವೇ ಮುಳುಗಿತು. 1521ರ ಮುತ್ತಿಗೆಯಲ್ಲಿ ಸ್ಪೇನಿನವರು ಕಟ್ಟೆಯನ್ನು ಒಡೆದರು. ಆಮೇಲಿನ ಆಡಳಿತಗಳಿಗೆ ಸರೋವರವೆಂದರೆ ಖಾಲಿ ಮಾಡಬೇಕಾದ ವಸ್ತು: 1607ರಲ್ಲಿ ಬೆಟ್ಟ ಕೊರೆಯಲು ತೊಡಗಿದವರು 1900ರ ಮಹಾಕಾಲುವೆಯವರೆಗೂ ಬಿಡಲಿಲ್ಲ. ಒಣಗಿದ ತಳದ ಮೇಲೆ ಹಬ್ಬಿದ ಮೆಕ್ಸಿಕೊ ನಗರ, ಅಂತರ್ಜಲವನ್ನೂ ಹೀರುತ್ತ, ಇಂದು ಕುಸಿಯುತ್ತಿದೆ. ಶೊಚಿಮಿಲ್ಕೊ ಇನ್ನೂ ಒಂದಿಷ್ಟು ಉಳಿದಿದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಒರತೆಯ ನೀರು ನಗರದ ನಲ್ಲಿಗೆ ಹೋದ ಮೇಲೆ ಅಲ್ಲಿನ ಕಾಲುವೆಗೆ ಬರುವುದು ಶುದ್ಧೀಕರಿಸಿದ ಕೊಳಚೆ ನೀರು. ಕೆಲವು ಚಿನಾಂಪಗಳು ಫುಟ್‌ಬಾಲ್ ಮೈದಾನಗಳಾಗಿವೆ.

ಇನ್ನು ನಿಮ್ಮ ಗದ್ದೆ. ಬೇಡ ಎನ್ನುತ್ತೇನೆ. ಆಷಾಢದಲ್ಲಿ ಎದೆಮಟ್ಟ ನೀರು, ಚೈತ್ರದಲ್ಲಿ ಬಿರುಕು ಬಿಟ್ಟ ನೆಲ ಆಗುವಲ್ಲಿ ಚಿನಾಂಪ ನಿಲ್ಲದು. ಅದಕ್ಕೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದ ಸಿಹಿನೀರು ಬೇಕು. ಸಸಿಮಡಿಯನ್ನು ಮಾತ್ರ ಖಂಡಿತ ಮಾಡಿ ನೋಡಿ. ಬೇಸಿಗೆಯಲ್ಲಿ ಎತ್ತಿದ ಕೆರೆಗೋಡು ಎರಡು ಬುಟ್ಟಿ ಇದ್ದರೆ ಸಾಕು. ಬೀಜಕ್ಕೆ ಮೆಣಸಿನಕಾಯಿಯೋ ಚೆಂಡುಹೂವೋ ಆಗಲಿ, ಎರಡರ ತವರೂ ಮೆಕ್ಸಿಕೊವೇ. ಗೋಡು ಚಾಕುವಿಗೆ ಅಂಟದಷ್ಟು ಆರಿದ ಕೂಡಲೇ ಕೊಯ್ದುಬಿಡಿ. ನಮ್ಮ ಬಿಸಿಲಿಗೆ ಬಿಟ್ಟರೆ ಅದು ತನಗೆ ತೋಚಿದ ಕಡೆ ಬಿರಿಯುತ್ತದೆ.